ಆರೂವರೆ ತಿಂಗಳು, ಒಂದು ಕೊರವ

ಅಕ್ಟೋಬರ್‌ನಲ್ಲಿ ಲ್ಯೂರ್ (ಮೀನನ್ನು ಮರುಳು ಮಾಡುವ ನಕಲಿ ಎರೆ) ಎಸೆದು ಮೀನು ಹಿಡಿಯಲು ಶುರು ಮಾಡಿದೆ. ಮೊದಲ ಮೀನು, ಹಾವಿನಂಥ ತಲೆಯ ಬೇಟೆ ಮೀನು ಕೊರವ, ಸಿಕ್ಕಿದ್ದು ಏಪ್ರಿಲ್ ಮೂರನೇ ವಾರದಲ್ಲಿ. ನಡುವೆ ಇಪ್ಪತ್ತಾರು ಸಲ ನೀರಿನ ದಂಡೆಯಲ್ಲಿ ನಿಂತಿದ್ದೇನೆ. ಹನ್ನೊಂದು ಲ್ಯೂರ್ ಕಳೆದುಕೊಂಡಿದ್ದೇನೆ. ಹೆಬ್ಬೆರಳಿಗೆ ಕೊಕ್ಕೆ ಚುಚ್ಚಿಸಿಕೊಂಡು ಟಿಟಿ ಇಂಜೆಕ್ಷನ್ ತಗೊಂಡಿದ್ದೇನೆ. ಲೆಕ್ಕ ಇಷ್ಟು ಪಕ್ಕಾ ಇರುವುದಕ್ಕೆ ಕಾರಣ, ನಾನು ಹಾಸನ ಜಿಲ್ಲೆಯ ಆಲೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಏನು ಮಾಡಿದರೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಾಳಿ. ಆ ನೋಟ್‌ಬುಕ್ ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ದಸರಾ ರಜೆಯಲ್ಲಿ ನೆಂಟರನ್ನು ಕರೆದುಕೊಂಡು ಶೆಟ್ಟಿಹಳ್ಳಿ ಚರ್ಚ್ ತೋರಿಸಲು ಹೋಗಿದ್ದೆ. ಮಳೆಗಾಲ ಮುಗಿದಿತ್ತು, ಗೊರೂರು ಅಣೆಕಟ್ಟಿನ ಹಿನ್ನೀರು ತುಂಬಿತ್ತು, ಚರ್ಚ್ ಅರ್ಧ ನೀರಲ್ಲಿತ್ತು. ಸ್ವಲ್ಪ ದೂರದಲ್ಲಿ ಒಬ್ಬ ಹುಡುಗ ಸಣ್ಣ ಕೋಲಿನಿಂದ ಏನನ್ನೋ ದೂರಕ್ಕೆ ಎಸೆದು ಸುತ್ತಿಕೊಳ್ಳುತ್ತಿದ್ದ. ಮತ್ತೆ ಎಸೆದ, ಮತ್ತೆ ಸುತ್ತಿದ. ನಾನು ಹತ್ತಿರ ಹೋಗುತ್ತಿದ್ದಂತೆ ತಿರುಗಿ ನೋಡಿದವನೇ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ನಮಸ್ತೆ ಮಿಸ್."

ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೇ ಕ್ಲಾಸಿನಲ್ಲಿ ಗಾಳ ಹಾಕಲು ಹೋಗಿ ಕ್ಲಾಸ್ ತಪ್ಪಿಸುತ್ತಿದ್ದ ಅಂತ ಅವನ ಅಪ್ಪನನ್ನು ಎರಡು ಸಲ ಕರೆಸಿದ್ದೆ. ಈಗ ಪಿಕಪ್ ಗಾಡಿ ಓಡಿಸುತ್ತಾನೆ, ಮದುವೆಯೂ ಆಗಿದೆ. ಆದರೂ ನನ್ನ ಕಂಡು ಬಚ್ಚಿಟ್ಟ! ನಗು ಬಂತು. ತೋರಿಸು ಅಂದೆ. ದಾರದ ತುದಿಯಲ್ಲಿ ರಬ್ಬರ್ ಕಪ್ಪೆ ಇತ್ತು. ಎರೆಹುಳ ಇಲ್ಲ, ಬೆಂಡು ಇಲ್ಲ. "ಒಂದು ಎಸೀತೀರಾ ಮಿಸ್?" ಅಂದ. ಎಸೆದೆ. ಕಪ್ಪೆ ನನ್ನ ಕಾಲ ಬುಡದಲ್ಲೇ ಬಿತ್ತು. ಆ ರಾತ್ರಿ ನಿದ್ದೆ ಮಾಡದೆ ಮೊಬೈಲ್‌ನಲ್ಲಿ ರಾಡ್, ಅಂದರೆ ಗಾಳದ ಕೋಲು, ನೋಡುತ್ತಾ ಕೂತೆ.

ನನ್ನ ಮೊದಲ ತಪ್ಪು ಅದೇ. ನೀರು ನೋಡುವ ಮೊದಲು ಸಾಮಾನು ನೋಡಿದೆ.

"40 ಲ್ಯೂರ್‌ಗಳ ಡಬ್ಬಿ, 799 ರೂಪಾಯಿ" ಅಂತ ಕಂಡಿತು. ತರಿಸಿಕೊಂಡೆ. ಬಣ್ಣಬಣ್ಣದ ಮೀನುಗಳು, ಹೊಟ್ಟೆಯಡಿ ಮೂರು ಮೂರು ಕೊಕ್ಕೆಯ ಗೊಂಚಲು. ನಮ್ಮ ಹುಡುಗ ಡಬ್ಬಿ ತೆರೆದು ನೋಡಿ, "ಮಿಸ್, ಇದನ್ನ ಮಕ್ಕಳಿಗೆ ಆಡೋಕೂ ಕೊಡಬೇಡಿ, ಚುಚ್ಚುತ್ತೆ" ಅಂದ. ನಮ್ಮ ಕೆರೆಗಳಲ್ಲಿ ತಾವರೆ, ಜೊಂಡು, ಕಳೆ ಜಾಸ್ತಿ. ಕೊಕ್ಕೆ ಹೊರಗೆ ಚಾಚಿಕೊಂಡ ಲ್ಯೂರ್ ಎಸೆದರೆ ಪ್ರತಿ ಸಲವೂ ಒಂದು ಹಿಡಿ ಸೊಪ್ಪು ಎಳೆದುಕೊಂಡು ಬರುತ್ತದೆ. ಒಳಗೆ ಟೊಳ್ಳಿರುವ ರಬ್ಬರ್ ಕಪ್ಪೆಗೆ ಎರಡೇ ಕೊಕ್ಕೆ. ಎರಡೂ ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ. ಎಲೆಗಳ ಮೇಲೆ ಜಾರಿಕೊಂಡು ಬರುತ್ತದೆ. ಮೀನು ಕಚ್ಚಿ ಅಮುಕಿದಾಗ ಮಾತ್ರ ಕೊಕ್ಕೆ ಹೊರಗೆ ಬರುತ್ತದೆ. ಇಂಥ ಮೂರು ಕಪ್ಪೆ ಸಾಕಿತ್ತು. ಬೆಲೆ 260ರಿಂದ 340.

ಎರಡನೆಯದು ರಾಡ್. ಏಳಡಿಯದು, ಎರಡು ತುಂಡಿನದು, 1,900 ರೂಪಾಯಿ. ಪಾರ್ಸೆಲ್ ಬಿಚ್ಚಿದರೆ ತುದಿಯ ಉಂಗುರದ ಹತ್ತಿರ ಮುರಿದಿತ್ತು. ಮಾರಿದವರು "ಬಿಚ್ಚುವ ವಿಡಿಯೋ ಕಳಿಸಿ" ಅಂದರು. ನನಗೇನು ಗೊತ್ತಿತ್ತು, ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಬೇಕು ಅಂತ? ಹನ್ನೆರಡು ದಿನ ಫೋನು, ಮೆಸೇಜು. ಕೊನೆಗೆ ಬದಲಿ ರಾಡ್ ಬಂತು. ನೀವು ತರಿಸುವುದಾದರೆ ಟೇಪ್ ಕತ್ತರಿಸುವ ಮೊದಲೇ ಮೊಬೈಲ್ ಆನ್ ಮಾಡಿ ನಿಲ್ಲಿಸಿಕೊಳ್ಳಿ.

ದಾರ ಸುತ್ತುವ ರೀಲ್ 1,650, ನೇಯ್ಗೆಯ ದಾರ ಅಂದರೆ ಬ್ರೇಡ್ 620, ಅದರ ತುದಿಗೆ ಕಟ್ಟುವ ಲೀಡರ್ ದಾರ 280. ಬ್ರೇಡ್ 30 ಪೌಂಡಿನದು, ಅಂದರೆ ಅಷ್ಟು ಭಾರ ತಡೆಯುವಂಥದ್ದು, ತಗೊಂಡೆ. ಇಷ್ಟು ಗಟ್ಟಿ ಯಾಕೆ, ಮೀನು ಒಂದು ಕೆಜಿ ತಾನೆ ಅಂತ ನನಗೂ ಅನ್ನಿಸಿತ್ತು. ಮೀನಿಗಲ್ಲ, ಅದು ಹೋಗಿ ಸೇರಿಕೊಳ್ಳುವ ತಾವರೆ ದಂಟಿಗೆ ಅಷ್ಟು ಬೇಕು.

ಬ್ರೇಡನ್ನು ನಾನೇ ರೀಲಿಗೆ ಸುತ್ತಿದೆ. ಮಾರನೆಯ ದಿನ ಎಳೆದು ನೋಡಿದರೆ ದಾರ ಸುಮ್ನೆ ಬರುತ್ತಲೇ ಇದೆ. ಡ್ರ್ಯಾಗ್, ಅಂದರೆ ದಾರದ ಬಿಗಿ ಹೊಂದಿಸುವ ತಿರುಪು, ಎಷ್ಟು ಬಿಗಿ ಮಾಡಿದರೂ ಅಷ್ಟೇ. ರೀಲ್ ಕೆಟ್ಟದ್ದು ಅಂತ ವಾಪಸ್ ಕಳಿಸಲು ಪ್ಯಾಕ್ ಕೂಡ ಮಾಡಿದ್ದೆ. ಹುಡುಗ ಬಂದು ನೋಡಿದ. ಬ್ರೇಡ್ ನುಣುಪು. ರೀಲಿನ ಲೋಹದ ಉರುಳೆ, ಅಂದರೆ ಸ್ಪೂಲಿನ ಮೇಲೆ ನೇರವಾಗಿ ಸುತ್ತಿದರೆ ಇಡೀ ದಾರವೇ ಒಂದು ಬಳೆಯ ಹಾಗೆ ಸುತ್ತ ತಿರುಗುತ್ತದೆ. ಅಡಿಯಲ್ಲಿ ಹತ್ತು ಮೀಟರ್ ಮಾಮೂಲಿ ತಂಗೂಸಿ ದಾರ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಬೇಕಂತೆ. ತಂಗೂಸಿಗೆ ಕೊಟ್ಟದ್ದು ಮೂವತ್ತು ರೂಪಾಯಿ. ರೀಲ್ ಚೆನ್ನಾಗಿಯೇ ಇತ್ತು.

ಎಸೆಯುವುದನ್ನು ಕಲಿತದ್ದು ಹುಡುಗನ ಮನೆಯ ಕಾಫಿ ಕಣದಲ್ಲಿ. ಕೊಯ್ಲಿಗೆ ಇನ್ನೂ ಟೈಮಿತ್ತು, ಕಣ ಖಾಲಿ ಇತ್ತು. ಲ್ಯೂರ್ ಬದಲು ಒಂದು ದೊಡ್ಡ ನಟ್ ಕಟ್ಟಿ, ದೂರದಲ್ಲಿ ಬಕೆಟ್ ಇಟ್ಟು ಎಸೆತ. ತೋರುಬೆರಳಲ್ಲಿ ದಾರ ಹಿಡಿದು, ರೀಲಿನ ತಂತಿ ಬಳೆ ತೆರೆದು, ಬೀಸುವಾಗ ಬೆರಳು ಬಿಡಬೇಕು. ಬೇಗ ಬಿಟ್ಟರೆ ಆಕಾಶಕ್ಕೆ. ತಡವಾದರೆ ಕಾಲ ಮುಂದಕ್ಕೆ. ಅವರಮ್ಮ ಜಗಲಿಯಲ್ಲಿ ಕೂತು ಒಂದೂ ಮಾತಾಡದೆ ನೋಡುತ್ತಿದ್ದರು. ಅವರ ಮಗನಿಗೆ ಇದೇ ಕಾರಣಕ್ಕೆ ಛೀಮಾರಿ ಹಾಕಿದ ಟೀಚರ್ ನಾನು ಅಂತ ಅವರಿಗೆ ನೆನಪಿತ್ತು ಅಂತ ಕಾಣುತ್ತದೆ. ಆಮೇಲೆ ಕಾಫಿ ಕೊಡುವಾಗ "ಈಗ ಯಾರನ್ನ ಕರೆಸೋದು ಮೇಡಂ?" ಅಂದರು.

ಅಲ್ಲೇ ಕಲಿತ ಇನ್ನೊಂದು ಸಂಗತಿ ನನಗೆ ಒಂದು ಇಡೀ ಬ್ರೇಡ್ ಖರ್ಚಾದ ಮೇಲೆ ತಲೆಗೆ ಹತ್ತಿತು. ಎಸೆದ ಮೇಲೆ ತಂತಿ ಬಳೆಯನ್ನು ಹ್ಯಾಂಡಲ್ ತಿರುಗಿಸಿ ಮುಚ್ಚಬೇಡಿ. ಕೈಯಲ್ಲಿ ಮುಚ್ಚಿ, ದಾರವನ್ನು ಒಮ್ಮೆ ಬಿಗಿಯಾಗಿ ಎಳೆದು, ಆಮೇಲೆ ಸುತ್ತಿ. ಇಲ್ಲದಿದ್ದರೆ ಸಡಿಲ ಸುತ್ತು ಒಳಗೆ ಸೇರಿಕೊಂಡು ಮುಂದಿನ ಎಸೆತಕ್ಕೆ ದಾರ ಗುಬ್ಬಿ ಗೂಡಿನ ಹಾಗೆ ಗೋಜಲಾಗಿ ಹೊರಗೆ ಬರುತ್ತದೆ. ಸ್ಪೂಲನ್ನು ಅಂಚಿನವರೆಗೆ ತುಂಬಿಸಿದರೂ ಅದೇ ಗತಿ, ಎರಡು ಮೂರು ಮಿಲಿಮೀಟರ್ ಖಾಲಿ ಇರಲಿ.

ಇನ್ನು ಅನುಮತಿಯ ಕಥೆ. ಇದನ್ನು ಯಾರೂ ಹೇಳುವುದಿಲ್ಲ, ವಿಡಿಯೋಗಳಲ್ಲಂತೂ ಇಲ್ಲವೇ ಇಲ್ಲ.

ನವೆಂಬರ್ ಮೊದಲ ಭಾನುವಾರ ಒಂದು ಕೆರೆ ಏರಿಯ ಮೇಲೆ ನಿಂತು ನಾಲ್ಕನೇ ಎಸೆತ ಎಸೆಯುತ್ತಿದ್ದೆ. ಕಾವಲಿನವನು ಓಡಿ ಬಂದ. "ಯಾರ್ ಕೇಳಿ ಹಾಕ್ತಿದ್ದೀರಾ ಮೇಡಂ? ಮೀನು ಬೇಕಾದ್ರೆ ಮಾರ್ಕೆಟ್ಟಲ್ಲಿ ಸಿಗುತ್ತಲ್ಲ?" ಕೆರೆ ಊರಿನದು, ನೀರು ದೇವರದು, ಗಾಳಕ್ಕೆ ಯಾರನ್ನು ಕೇಳುವುದು ಅಂತ ನಾನು ತಿಳಿದಿದ್ದೆ. ಕೆರೆಗಳ ಮೀನು ಹರಾಜಾಗಿರುತ್ತದೆ. ದೊಡ್ಡ ಕೆರೆಗಳದ್ದು ಮೀನುಗಾರಿಕೆ ಇಲಾಖೆ ಮೂಲಕ, ಚಿಕ್ಕವು ಗ್ರಾಮ ಪಂಚಾಯಿತಿ ಮೂಲಕ. ಗುತ್ತಿಗೆ ಹಿಡಿದವರು ದುಡ್ಡು ಕೊಟ್ಟು ಕಾಟ್ಲಾ, ರೋಹು ಮರಿ ಬಿಟ್ಟಿರುತ್ತಾರೆ. ಅವರ ಕಣ್ಣಿಗೆ ನಾನು ಮತ್ತು ಅಡಿಕೆ ಕದಿಯುವವನು ಒಂದೇ. ತಪ್ಪು ಅವರದಲ್ಲ.

ಗುತ್ತಿಗೆದಾರರನ್ನು ಹುಡುಕಿಕೊಂಡು ಹೋದೆ. ಮೂರು ಸಲ ಹೋದಾಗಲೂ ಸಿಗಲಿಲ್ಲ. ನಾಲ್ಕನೆಯ ಸಲ ಸಿಕ್ಕರು. ನಾನು ಲ್ಯೂರ್ ತೋರಿಸಿ, ಇದಕ್ಕೆ ಕಾಟ್ಲಾ ಬರುವುದಿಲ್ಲ, ಬೇಟೆಯಾಡುವ ಮೀನು ಮಾತ್ರ ಬರುತ್ತದೆ ಅಂತ ಕ್ಲಾಸಿನಲ್ಲಿ ಹೇಳುವ ಹಾಗೆ ವಿವರಿಸಿದೆ. ಅವರ ಮುಖ ಅರಳಿತು. "ಕೊರವ ತಾನೆ? ಹಿಡೀರಿ ಹಿಡೀರಿ. ನನ್ನ ಮರಿ ಎಲ್ಲ ಅವೇ ತಿನ್ನೋದು." ದಿನಕ್ಕೆ 200 ರೂಪಾಯಿ, ಮೊದಲೇ ಫೋನ್ ಮಾಡಿ ಬರಬೇಕು, ಬೆಳಿಗ್ಗೆ ಬಲೆ ಎಳೆಯುವ ದಿನ ಬರಬಾರದು. ಒಪ್ಪಿದೆ. ಒಂದು ಷರತ್ತು ಮಾತ್ರ ಆಗ ನನಗೆ ಸರಿಯಾಗಿ ಕೇಳಿಸಲಿಲ್ಲ. ಅದು ಮುಂದೆ ಬರುತ್ತದೆ.

ಹಿನ್ನೀರಿಗೆ ಬೇರೆ ದಾರಿ. ಮೀನುಗಾರಿಕೆ ಇಲಾಖೆ ಕಚೇರಿಗೆ ಹೋದೆ. ಮೊದಲ ಸಲ ಎರಡನೇ ಶನಿವಾರ, ಬೀಗ. ಟೀಚರ್ ಆಗಿ ಅದು ನನಗೆ ನೆನಪಿರಬೇಕಿತ್ತು. ಎರಡನೇ ಸಲ ಸಾಹೇಬರು ಮೀಟಿಂಗ್‌ನಲ್ಲಿ. ಮೂರನೇ ಸಲ ಸಿಕ್ಕರು, ಒಳ್ಳೆಯವರು. "ಮಾರಾಟಕ್ಕಾ?" ಅಂತ ಕೇಳಿದರು. ಹವ್ಯಾಸಕ್ಕೆ ಅಂದಾಗ ಯಾವ ಫಾರಂ ಕೊಡುವುದು ಅಂತ ಅವರಿಗೂ ಗೊಂದಲವಾಯಿತು. ಕೊನೆಗೆ ನನ್ನಿಂದ ತಗೊಂಡದ್ದು ಕೈಬರಹದ ಅರ್ಜಿ, ಆಧಾರ್ ಜೆರಾಕ್ಸ್, ಎರಡು ಫೋಟೋ. ಹತ್ತೊಂಬತ್ತು ದಿನ ಕಾದೆ. ಸಿಕ್ಕ ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ಲ್ಯೂರ್ ಡಬ್ಬಿಯಲ್ಲೇ ಇಟ್ಟಿದ್ದೇನೆ. ಅಣೆಕಟ್ಟೆಯ ಗೋಡೆಯ ಹತ್ತಿರ ಹೋಗಲೇಬೇಡಿ ಅಂದರು.

ಚಿಕ್ಕಮಗಳೂರು ಕಡೆಯವರು ಇದನ್ನು ಓದುತ್ತಿದ್ದರೆ ಇನ್ನೂ ಹುಷಾರಾಗಿರಿ. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕುವಂತಿಲ್ಲ, ಅರಣ್ಯ ಇಲಾಖೆಯ ಕೇಸಾಗುತ್ತದೆ. ಶೃಂಗೇರಿಯ ಮೀನುಗಳ ವಿಷಯ ಹೇಳುವುದೇ ಬೇಡ. ನಮ್ಮಮ್ಮ ಕೊಪ್ಪದ ಕಡೆಯವರು. ರಾಡ್ ನೋಡಿದ ದಿನ ಅವರು ಆಡಿದ ಮೊದಲ ಮಾತು: "ಚಿಕ್ಕವಳಿದ್ದಾಗ ತುಂಗೆ ಮೀನಿಗೆ ಮಂಡಕ್ಕಿ ಹಾಕೋಕೆ ನನ್ನ ಕೈ ಎಳೀತಿದ್ದೆ. ಈಗ ಪ್ಲಾಸ್ಟಿಕ್ ಕಪ್ಪೆ ಹಾಕೋಕೆ ಹೊರಟಿದ್ದೀಯಲ್ಲೇ." ಹಾಗಂತ ಅಮ್ಮ ಮೀನು ತಿನ್ನದವರಲ್ಲ. ಭಾನುವಾರ ಮಾರ್ಕೆಟ್ಟಿನಿಂದ ತಂದರೆ ಅವರೇ ಮಸಾಲೆ ಅರೆಯುತ್ತಾರೆ.

ಡಿಸೆಂಬರ್, ಜನವರಿ ಪೂರ್ತಿ ವ್ಯರ್ಥ. ಮಂಜು, ಚಳಿ. ಚಳಿಯಲ್ಲಿ ಕೊರವ ಮೇಲೆ ಬಂದು ಕಪ್ಪೆ ಅಟ್ಟಿಸುವುದು ಬಹಳ ಕಡಿಮೆ. ಹುಡುಗ ಅದನ್ನು ಮೊದಲೇ ಹೇಳಿದ್ದ, ನಾನೇ ಕೇಳಲಿಲ್ಲ. ಹೊಸ ರಾಡ್ ಇಟ್ಟುಕೊಂಡು ಮನೆಯಲ್ಲಿ ಕೂರಲು ಆಗುತ್ತಾ? ಒಂಬತ್ತು ಸಲ ಹೋದೆ. ನೋಟ್‌ಬುಕ್ಕಿನಲ್ಲಿ ಒಂಬತ್ತು ಸಲವೂ ಸೊನ್ನೆ.

ಎರಡು ಸಲ ಹೊರಟು ವಾಪಸ್ ಬಂದದ್ದು ಆನೆಯಿಂದ. ಆಲೂರು, ಸಕಲೇಶಪುರ ಕಡೆ ಇರುವವರಿಗೆ ಇದು ಹೊಸದಲ್ಲ. ಬೆಳಿಗ್ಗೆ ಐದೂವರೆಗೆ ದಾರಿಯಲ್ಲಿದ್ದಾಗ ಮೊಬೈಲ್‌ಗೆ ಮೆಸೇಜ್, ಹಿಂಡು ಇಂಥ ತೋಟದ ಹತ್ತಿರ ಇದೆ ಅಂತ. ಹಿನ್ನೀರಿನ ಅಂಚಿಗೆ ಅವೂ ಬರುತ್ತವೆ. ಹೊರಡುವ ಮೊದಲು ಊರಿನವರಿಗೆ ಒಂದು ಫೋನ್ ಮಾಡಿ, ಒಬ್ಬರೇ ಹೋಗಬೇಡಿ.

ಕೊಕ್ಕೆ ಚುಚ್ಚಿದ್ದು ಫೆಬ್ರವರಿಯಲ್ಲಿ. 799 ರೂಪಾಯಿಯ ಡಬ್ಬಿ ವ್ಯರ್ಥವಾಗಬಾರದು ಅಂತ ಅದರಿಂದ ಒಂದು ಮೀನು ತೆಗೆದು ಎಸೆದೆ. ಅದು ಜೊಂಡಿಗೆ ಸಿಕ್ಕಿತು. ರಾಡನ್ನು ಬಿಲ್ಲಿನ ಹಾಗೆ ಬಗ್ಗಿಸಿ ಎಳೆದೆ. ಬಿಟ್ಟುಕೊಂಡು ನೇರ ನನ್ನ ಕಡೆಗೇ ಹಾರಿ ಬಂತು. ಮುಖಕ್ಕೆ ಕೈ ಅಡ್ಡ ಹಿಡಿದೆ, ಹೆಬ್ಬೆರಳಿಗೆ ನೆಟ್ಟಿತು. ಕೊಕ್ಕೆಯ ಹಿಮ್ಮುಳ್ಳು ಒಳಗೇ ಹೋಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರ್ ಮರಗಟ್ಟಿಸಿ, ತುದಿಯನ್ನು ಮುಂದಕ್ಕೆ ತಳ್ಳಿ ಹೊರಬರಿಸಿ, ಹಿಮ್ಮುಳ್ಳನ್ನು ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ವಾಪಸ್ ತೆಗೆದರು. "ಮೀನಿಗೆ ಹೇಗಾಗುತ್ತೆ ಅಂತ ಗೊತ್ತಾಯ್ತಲ್ಲ ಮೇಡಂ" ಅಂದರು. ಅದೇ ದಿನ 150 ರೂಪಾಯಿಯ ಕಟಿಂಗ್ ಪ್ಲೈಯರ್ ತಂದು ಎಲ್ಲ ಕೊಕ್ಕೆಗಳ ಹಿಮ್ಮುಳ್ಳನ್ನೂ ಒತ್ತಿ ಚಪ್ಪಟೆ ಮಾಡಿದೆ. ಕನ್ನಡಕ ಹಾಕದೆ ಎಸೆಯುವುದನ್ನೂ ಬಿಟ್ಟೆ. ಸಿಕ್ಕಿಕೊಂಡಾಗ ರಾಡ್ ಬಗ್ಗಿಸಿ ಎಳೆಯಬಾರದು. ರಾಡನ್ನು ದಾರದ ನೇರಕ್ಕೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಹಿಂದೆ ಹಿಂದೆ ನಡೆಯಬೇಕು.

ಅದೇ ತಿಂಗಳ ಕೊನೆಯಲ್ಲಿ ಹಿನ್ನೀರಿನಲ್ಲಿ ಒಂದು ಒಳ್ಳೆಯ ಕಪ್ಪೆ ಹೋಯಿತು. ಹಸಿರು ಬೆನ್ನು, ಹಳದಿ ಹೊಟ್ಟೆ, 340 ರೂಪಾಯಿಯದು. ದಂಡೆಯಿಂದ ನಲವತ್ತಡಿ ದೂರದಲ್ಲಿ ನೀರಿನಿಂದ ಗೇಣುದ್ದ ತಲೆ ಎತ್ತಿದ್ದ ಒಂದು ಬೊಡ್ಡೆಗೆ ಹೊಕ್ಕಿತು. ಎಳೆದೆ, ಲೀಡರ್ ಕಿತ್ತು ಬಂತು. ಬೇಜಾರಾಗಿ ಕೂತೆ. ಹುಡುಗ ಆ ಬೊಡ್ಡೆಯನ್ನೇ ನೋಡುತ್ತಿದ್ದ. "ಅದು ಹಲಸಿನ ಮರ ಮಿಸ್. ನಮ್ಮಜ್ಜಿ ಮನೆ ಹಿಂದಿಂದು" ಅಂದ. 1979ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಅವರ ಅಜ್ಜಿಯ ಊರು ಮುಳುಗಿತ್ತು. ಅವನು ಹುಟ್ಟುವ ಎಷ್ಟೋ ವರ್ಷ ಮೊದಲು. ಬೊಡ್ಡೆ ಗುರುತು ಅವನಿಗೆ ಅವನಪ್ಪ ತೋರಿಸಿದ್ದು. ಇಷ್ಟು ವರ್ಷ ಗಾಳಕ್ಕೆ ಅಲ್ಲಿಗೇ ಯಾಕೆ ಹೋಗುತ್ತಿದ್ದ ಅಂತ ನಾನು ಅವನ ಅಪ್ಪನನ್ನು ಕರೆಸಿ ಕೂರಿಸಿಕೊಂಡಾಗ ಕೇಳಿರಲಿಲ್ಲ.

ಮಾರ್ಚ್ ಬಂತು, ಬಿಸಿಲೇರಿತು. ಕೆರೆಯಲ್ಲಿ ಮೊದಲ ಸಲ ಮೀನು ನನ್ನ ಕಪ್ಪೆಗೆ ಹೊಡೆಯಿತು. ಆ ಸದ್ದನ್ನು ಹೇಗೆ ಹೇಳುವುದು? ಬಾವಿಗೆ ತೆಂಗಿನಕಾಯಿ ಬಿದ್ದ ಹಾಗೆ, ಗುಳುಂ. ನನ್ನ ಎದೆ ಬಾಯಿಗೆ ಬಂತು. ರಪ್ಪನೆ ಎಳೆದೆ. ಕಪ್ಪೆ ಖಾಲಿ ಹಾರಿ ಬಂದು ಹಿಂದಿನ ಲಂಟಾನ ಪೊದೆಗೆ ಬಿತ್ತು. ಮುಂದಿನ ವಾರ ಮತ್ತೆ ಹೊಡೆಯಿತು, ಮತ್ತೆ ಎಳೆದೆ, ಮತ್ತೆ ಖಾಲಿ. ಹೀಗೆ ಐದು ಸಲ.

"ಮಿಸ್, ಬೇಗ ಎಳೀತೀರಿ. ಅದು ಬಾಯಿ ಮುಚ್ಚಿ ತಿರುಗಬೇಕು. ಕಾಯಿರಿ."

"ಎಷ್ಟು ಹೊತ್ತು ಕಾಯೋದು?"

"ಬೋರ್ಡ್ ಹತ್ರ ಕರೆದು ಲೆಕ್ಕ ಕೊಟ್ಟರೆ ಹುಡುಗ್ರು ಉತ್ತರ ಹೇಳೋಕೆ ಎಷ್ಟು ಹೊತ್ತು ಬೇಕು? ಅಷ್ಟು." ಸ್ವಲ್ಪ ಸುಮ್ಮನಿದ್ದು ಸೇರಿಸಿದ, "ನೀವು ಅಷ್ಟೂ ಕಾಯ್ತಿರಲಿಲ್ಲ."

ಹೇಳಿ ಆ ಕಡೆ ತಿರುಗಿಕೊಂಡ. ನಾನೂ ಏನೂ ಅನ್ನಲಿಲ್ಲ.

ಕೆಲಸ ಹೀಗೆ: ಸದ್ದು ಕೇಳಿದ ತಕ್ಷಣ ರಾಡ್ ತುದಿಯನ್ನು ನೀರಿನ ಕಡೆ ಇಳಿಸಬೇಕು. ಮನಸ್ಸಲ್ಲಿ ಎರಡು ಎಣಿಸುತ್ತಾ ಸಡಿಲ ದಾರವನ್ನು ಸುತ್ತಿಕೊಳ್ಳಬೇಕು. ತೂಕ ಕೈಗೆ ಸಿಕ್ಕಾಗ ಜೋರಾಗಿ ಮೇಲೆತ್ತಬೇಕು. ಎತ್ತಿದ ಮೇಲೆ ನಿಲ್ಲಿಸಬಾರದು, ಒಂದು ಕ್ಷಣ ಬಿಟ್ಟರೂ ಕಳೆಯೊಳಗೆ ನುಗ್ಗುತ್ತದೆ. ಇದಿಷ್ಟನ್ನು ನಾನು ಕಣದಲ್ಲಿ ಅಭ್ಯಾಸ ಮಾಡಿದೆ. ದಾರದ ಆ ತುದಿಯನ್ನು ಹುಡುಗನ ಹೆಂಡತಿ ಹಿಡಿದು, ತನಗೆ ಬೇಕಾದಾಗ ಎಳೆಯುತ್ತಿದ್ದಳು. ನಿಜ ಹೇಳಬೇಕೆಂದರೆ ಇಡೀ ಕಲಿಕೆಯಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಈ ಆಟ.

ಇನ್ನೊಂದು ಕಲಿತೆ. ಎಸೆಯದೆ ಸುಮ್ಮನೆ ಕೂರುವುದು. ಕೊರವ ಗಾಳಿ ಉಸಿರಾಡುವ ಮೀನು. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗಲೇಬೇಕು. ಹತ್ತು ನಿಮಿಷ ಕೂತು ನೋಡಿದರೆ ಎಲೆಗಳ ನಡುವೆ ಎಲ್ಲಿ ಗುಳ್ಳೆ ಎದ್ದಿತು, ಎಲ್ಲಿ ನೀರು ಮಗುಚಿತು ಅಂತ ಗೊತ್ತಾಗುತ್ತದೆ. ಗುಳ್ಳೆ ಎದ್ದ ಜಾಗದ ಮೇಲೇ ಎಸೆಯಬಾರದು, ಅದರಾಚೆ ಎಸೆದು ಅದರ ದಾರಿಗೆ ಎಳೆದು ತರಬೇಕು. ನಾನು ನಾಲ್ಕು ತಿಂಗಳು ಎಲ್ಲೆಂದರಲ್ಲಿ ಎಸೆದೆ, ಬರಿ ನೀರಿಗೆ.

ಏಪ್ರಿಲ್ ಮೂರನೇ ವಾರ, ಶನಿವಾರ ಸಂಜೆ. ಬೆಳಿಗ್ಗೆ ಸ್ಕೂಲು ಮುಗಿಸಿ ಬಂದಿದ್ದೆ... ಅಲ್ಲ, ಆಗಲೇ ಬೇಸಿಗೆ ರಜೆ. ಬೆಳಿಗ್ಗೆ ಮಾಡಿದ್ದು ಮೌಲ್ಯಮಾಪನದ ಕೆಲಸ. ಗಾಳಿ ನಿಂತಿತ್ತು. ಎರಡು ಗುಳ್ಳೆ ಎದ್ದವು. ಆಚೆಗೆ ಎಸೆದೆ. ಕಪ್ಪೆ ಎಲೆಯಿಂದ ಎಲೆಗೆ ಬಂತು, ಒಂದು ತೆರವಿನಲ್ಲಿ ನಿಲ್ಲಿಸಿದೆ. ಗುಳುಂ. ರಾಡ್ ಇಳಿಸಿದೆ. ಒಂದು. ಎರಡು. ಎತ್ತಿದೆ.

ಆಮೇಲಿನ ಅರ್ಧ ನಿಮಿಷ ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ. ದಂಡೆಯ ಹುಲ್ಲಿನ ಮೇಲೆ ಮೀನು ಬಿದ್ದಿತ್ತು. ಅಳತೆ ಟೇಪಿನಲ್ಲಿ 44 ಸೆಂಟಿಮೀಟರ್. ಹಾವಿನ ತಲೆ, ಕಪ್ಪು ಬೆನ್ನು, ಕೈಗೆ ಲೋಳೆ. ಹಿಮ್ಮುಳ್ಳಿಲ್ಲದ ಕೊಕ್ಕೆ ಒಂದೇ ಎಳೆತಕ್ಕೆ ಬಂತು. ವಿಡಿಯೋಗಳಲ್ಲಿ ನೋಡಿದ ಹಾಗೆ ಫೋಟೋ ತೆಗೆದು ವಾಪಸ್ ಬಿಡಬೇಕು ಅಂತ ನೀರಿನ ಕಡೆ ನಡೆದೆ.

"ಏಯ್ ಮೇಡಂ! ಬಿಡ್ಬೇಡಿ!" ಏರಿ ಮೇಲಿಂದ ಗುತ್ತಿಗೆದಾರರು.

ಅಂದು ನನಗೆ ಸರಿಯಾಗಿ ಕೇಳಿಸದ ಷರತ್ತು ಇದೇ. ಹಿಡಿದ ಕೊರವ ವಾಪಸ್ ಕೆರೆಗೆ ಬಿಡುವಂತಿಲ್ಲ. ಅವರು ದುಡ್ಡು ಹಾಕಿ ಬಿಟ್ಟ ಮರಿಗಳನ್ನು ಅದು ತಿನ್ನುತ್ತದೆ. ನನ್ನ ಹವ್ಯಾಸದ ನೀತಿಯನ್ನು ಅವರ ಗುತ್ತಿಗೆಯ ಮೇಲೆ ಹೇರುವುದು ಸರಿಯಲ್ಲ ಅನ್ನಿಸಿತು. ಹಿಡಿದು ಬಿಡುವವರು ಇದನ್ನು ಮೊದಲೇ ಮಾತಾಡಿಕೊಳ್ಳಿ. ಮೀನು ಹುಡುಗನ ಮನೆಗೆ ಹೋಯಿತು. ಅವರಮ್ಮ ಒಲೆಯ ಬೂದಿ ಹಚ್ಚಿ ಲೋಳೆ ತೆಗೆದು ಸಾರು ಮಾಡಿದರು. ನನಗೆ ತಲೆಯ ಭಾಗ ಬಡಿಸಿದರು. ಒಂದು ಡಬ್ಬಿ ಸಾರು ಹಾಸನದ ನಮ್ಮ ಮನೆಗೂ ಬಂತು. ಅಮ್ಮ ಉಂಡು ಕೈ ತೊಳೆದು ಖರ್ಚು ಕೇಳಿದರು. ಸಾಮಾನು ಸುಮಾರು 10,000, ಕೆರೆಗೆ ಕೊಟ್ಟದ್ದು ಒಂಬತ್ತು ದಿನಕ್ಕೆ 1,800, ಪೆಟ್ರೋಲ್ ಲೆಕ್ಕ ಇಟ್ಟಿಲ್ಲ. "ಚಿನ್ನದ ಮೀನು" ಅಂದರು.

ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ ಕೆರೆಯ ಅಂಚಿನಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು ಕಾಣಿಸಿತು. ಕೊರವನ ಮರಿಗಳ ಗುಂಪು. ಅಡಿಯಲ್ಲಿ ಅಪ್ಪ ಅಮ್ಮ ಕಾಯುತ್ತಿರುತ್ತವೆ. ಆಗ ಕಪ್ಪೆ ಎಸೆದರೆ ಸಿಟ್ಟಿಗೆ ಹೊಡೆದೇ ಹೊಡೆಯುತ್ತವೆ. ಕಲಿಯುವವರಿಗೂ ಮೀನು ಸಿಗುವುದು ಗ್ಯಾರಂಟಿ. ಹುಡುಗ ನನ್ನ ರಾಡ್ ಕಿತ್ತುಕೊಂಡು ಎರಡು ತುಂಡು ಮಾಡಿ ಚೀಲಕ್ಕೆ ಹಾಕಿದ. ದೊಡ್ಡದನ್ನು ಎತ್ತಿದರೆ ಮರಿಗಳನ್ನು ಉಳಿದ ಮೀನುಗಳು ಒಂದೇ ದಿನದಲ್ಲಿ ಮುಗಿಸುತ್ತವೆ. ಇನ್ನು ಮಳೆ ಕಳೆಯುವವರೆಗೆ ಇಲ್ಲ ಅಂದ. ಮಳೆ ಶುರುವಾದರೆ ಗದ್ದೆಗೆ ಹತ್ತುಮೀನು, ಹರಿವಿನೆದುರು ಹತ್ತುವ ಮೀನು, ಬರುತ್ತವಲ್ಲ, ಅದಕ್ಕೆ ಹೋಗುತ್ತೀಯಾ ಅಂತ ಕೇಳಿದೆ. ನಕ್ಕ, ಉತ್ತರ ಹೇಳಲಿಲ್ಲ.

ಸ್ಕೂಲು ಶುರುವಾಗುವ ಹಿಂದಿನ ಭಾನುವಾರ ರಾಡ್ ಇಲ್ಲದೆ ಹಿನ್ನೀರಿಗೆ ಹೋದೆವು. ನೀರು ಪೂರ್ತಿ ಇಳಿದಿತ್ತು. ಫೆಬ್ರವರಿಯಲ್ಲಿ ನಾನು ಎಸೆದ ಜಾಗದಲ್ಲಿ ದನ ಮೇಯುತ್ತಿದ್ದವು. ಬಿರುಕು ಬಿಟ್ಟ ಮಣ್ಣಿನ ಮೇಲೆ ನಡೆದುಕೊಂಡೇ ಹಲಸಿನ ಬೊಡ್ಡೆಯವರೆಗೆ ಹೋದೆವು. ಅದರ ಈಚೆ ಕಲ್ಲಿನ ಸಾಲು, ಒಂದು ಮೆಟ್ಟಿಲು. ಹುಡುಗ ಕಲ್ಲುಗಳ ನಡುವೆ ನಿಂತು, "ಇದು ಅಡುಗೆ ಮನೆ ಇರ್ಬೇಕು ಮಿಸ್, ಹಿತ್ತಲ ಬಾಗಿಲಿಗೆ ಹಲಸು ಕಾಣುತ್ತಿತ್ತು ಅಂತ ಅಜ್ಜಿ ಹೇಳೋರು" ಅಂದ.

ಕಪ್ಪೆ ಬೊಡ್ಡೆಯ ಸಂದಿಯಲ್ಲೇ ಇತ್ತು. ಬೆನ್ನಿನ ಹಸಿರು ಬಿಸಿಲಿಗೆ ಬಿಳಿಚಿತ್ತು, ಕೊಕ್ಕೆ ತುಕ್ಕು ಹಿಡಿದಿತ್ತು. ಪಕ್ಕದಲ್ಲಿ ಒಂದು ಹಳೆಯ ಬೆಂಡು, ತಂಗೂಸಿ ಸಮೇತ ಸಿಕ್ಕಿಕೊಂಡಿತ್ತು. ಅದನ್ನು ಅವನು ತೆಗೆದು ಜೇಬಿಗೆ ಹಾಕಿಕೊಂಡ. ಒಂಬತ್ತನೇ ಕ್ಲಾಸಿನದ್ದಂತೆ.